ಸೂರ್ಯನಿಗೆ ಹಿಡಿದ ಕನ್ನಡಿ

ಪ್ರಾಚೀನ ಕಾಲದಿಂದಲೂ ಮಾನವನು ಸೂರ್ಯನನ್ನು ಜಗತ್ತಿನ ಕಣ್ಣೆಂದು ಕರೆದು ಪೂಜಿಸುತ್ತ ಬಂದಿದ್ದಾನೆ. ಲೋಕಕ್ಕೆಲ್ಲ ನೋಟವನ್ನು ದಯಪಾಲಿಸುವ ಆ ಸೂರ್ಯನನ್ನೇ ನೇರವಾಗಿ ನೋಡುವುದು ಮಾತ್ರ ಮನುಷ್ಯನಿಗೆ ಸಾಧ್ಯವಿಲ್ಲ. ಬರಿಗಣ್ಣಿನಿಂದ ನೋಡಲೆಳಸಿದರೆ ಕಣ್ಣಿಗೇ ಕೇಡು. ಆದುದರಿಂದ ವಿಜ್ಞಾನಿಗಳು ಸೂರ್ಯನಿಗೆ ಕನ್ನಡಿಯನ್ನು ಹಿಡಿದು, ಅದರಿಂದ ಪ್ರತಿಫಲಿಸಿದ ಬೆಳಕನ್ನು ಕತ್ತಲೆಯ ಕೋಣೆಯೊಳಕ್ಕೆ ತಂದು, ಅಲ್ಲಿ ಅವನ ಬಿಂಬವನ್ನು ಮೂಡಿಸಿ ಅಭ್ಯಾಸ ಮಾಡುತ್ತಾರೆ.

ಇಲ್ಲಿಯೂ ಒಂದು ತೊಡಕುಂಟು. ಸೂರ್ಯನು ಬೆಳಕಿನೊಡನೆ ಬಿಸಿಯನ್ನೂ ಕಳುಹಿಸುತ್ತಾನೆ. ಬಿಸಿಲಿಗೆ ಒಡ್ಡಿದ ಕನ್ನಡಿ ಕಾಯುತ್ತದೆ. ಕಾದ ಕನ್ನಡಿ ಹಿಗ್ಗಿ ತನ್ನ ನಿಜವಾದ ಆಕಾರವನ್ನು ಕಳೆದುಕೊಳ್ಳುತ್ತದೆ. ಅದರ ಮೇಲಿನ ಗಾಳಿಯೂ ಕಾದು ಅಲೆಯಾಡುತ್ತದೆ. ಆಗ ಬಿಂಬವು ಕಲ್ಲೆಸೆದ ಕೊಳದಲ್ಲಿನ ಪ್ರತಿಬಿಂಬದಂತೆ ಕದಡಿಹೋಗುತ್ತದೆ. ಸೂರ್ಯನನ್ನು ತೋರಿಸಬೇಕಾದ ಕನ್ನಡಿಯು ಸೂರ್ಯನಿಂದಲೇ ಕೆಡುವುದು ಸೌರ ವಿಜ್ಞಾನದ ಹಳೆಯ ಸಂಕಟಗಳಲ್ಲಿ ಒಂದು. ನಿಶ್ಚಲವಾದ, ನಿರ್ಮಲವಾದ ಕನ್ನಡಿಗಳನ್ನು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿ, ಸೂರ್ಯನನ್ನೂ ನಕ್ಷತ್ರಗಳನ್ನೂ ನಮ್ಮ ಬೆಟ್ಟಗಳಿಂದಲೇ ನೋಡಬೇಕೆಂದು ಬಾಳನ್ನು ಸವೆಸಿದ ಖಗೋಳ ವಿಜ್ಞಾನಿ ವೈನು ಬಪ್ಪು ಅವರು.

ಮನಾಲಿ ಕಲ್ಲಾಟ್ ವೈನು ಬಪ್ಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಅವರ ಮನೆತನ ಉತ್ತರ ಕೇರಳದ್ದು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ತಂದೆತಾಯಿಗಳಿಗೆ ಒಬ್ಬನೇ ಮಗನಾಗಿದ್ದ ವೈನು ಬೆಳೆದದ್ದು ಹೈದರಾಬಾದಿನಲ್ಲಿ. ತಂದೆಯ ವೃತ್ತಿಯ ಕಾರಣದಿಂದ ಇತರ ಮಕ್ಕಳಿಗೆ ಕಥೆಗಳಲ್ಲಿ ಮಾತ್ರ ದೊರೆಯುತ್ತಿದ್ದ ಗ್ರಹತಾರೆಗಳು ಈ ಬಾಲಕನಿಗೆ ದೂರದರ್ಶಕದ ಮೂಲಕವೇ ಪರಿಚಯವಾದವು. ಓದಿನಲ್ಲಿ ಜಾಣನಾಗಿದ್ದಂತೆಯೇ ಆಟಪಾಟಗಳಲ್ಲಿಯೂ ಚರ್ಚಾಸ್ಪರ್ಧೆಗಳಲ್ಲಿಯೂ ಆತ ಮುಂದಿದ್ದ. ಆದರೆ ಮನಸ್ಸು ನೆಲೆಸಿದ್ದು ಆಕಾಶದಲ್ಲಿ. ಕೆಲವು ನಕ್ಷತ್ರಗಳ ಹೊಳಪು ಕಾಲಕಾಲಕ್ಕೆ ಹೆಚ್ಚುಕಡಿಮೆಯಾಗುತ್ತದೆ. ಅಂತಹ ನಕ್ಷತ್ರಗಳನ್ನು ರಾತ್ರಿಗಳ ತುಂಬ ಗಮನಿಸಿ, ಕಾಲೇಜಿನಲ್ಲಿ ಓದುತ್ತಿರುವಾಗಲೇ ವೈನು ಲೇಖನಗಳನ್ನು ಪ್ರಕಟಿಸಿದ್ದರೆಂಬುದು ಅವರ ಶ್ರದ್ಧೆಗೆ ಸಾಕ್ಷಿಯಾಗಿದೆ.

ಮದರಾಸು ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದ ಅವರು, ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಗೆ ಹೋದ ಕೆಲವೇ ತಿಂಗಳುಗಳಲ್ಲಿ, 1949ರ ಜುಲೈ ತಿಂಗಳಿನಲ್ಲಿ, ಒಂದು ವಿಶೇಷ ಸಂಗತಿ ನಡೆಯಿತು. ಆಕಾಶದ ಒಂದು ಭಾಗವನ್ನು ಛಾಯಾಚಿತ್ರ ಫಲಕದ ಮೇಲೆ ಸೆರೆಹಿಡಿದು ಪರಿಶೀಲಿಸುತ್ತಿದ್ದಾಗ, ಅಲ್ಲಿ ಹಿಂದೆ ಯಾರೂ ಗುರುತಿಸದಿದ್ದ ಮಸುಕಾದ ಒಂದು ಧೂಮಕೇತು ಅವರ ಕಣ್ಣಿಗೆ ಬಿತ್ತು. ಗುರುಗಳಾದ ಬಾರ್ಟ್ ಬಾಕ್ ಮತ್ತು ಸಹಪಾಠಿಯಾದ ಗಾರ್ಡನ್ ನ್ಯೂಕರ್ಕ್ ಅವರು ಈ ಶೋಧದಲ್ಲಿ ಜೊತೆಗಿದ್ದುದರಿಂದ ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಧೂಮಕೇತುವೆಂದು ಹೆಸರಾಯಿತು. ಇಪ್ಪತ್ತೆರಡು ವರ್ಷ ತುಂಬುವ ಮೊದಲೇ ಭಾರತದ ತರುಣನೊಬ್ಬನ ಹೆಸರು ಆಕಾಶದ ಒಂದು ವಸ್ತುವಿಗೆ ಸೇರಿತು. ಪೆಸಿಫಿಕ್ ಖಗೋಳ ಸಂಘವು ಈ ಶೋಧಕ್ಕಾಗಿ ಅವರಿಗೆ ಡೊನ್‌ಹೋ ಪದಕವನ್ನು ನೀಡಿ ಗೌರವಿಸಿತು.

ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದ ಬಪ್ಪು ಅವರು ಕಾರ್ನೆಗಿ ವಿದ್ವದ್ವೇತನದ ಮೇಲೆ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಆ ಕಾಲದ ಅತ್ಯಂತ ದೊಡ್ಡ ದೂರದರ್ಶಕಗಳು ಅಲ್ಲಿಯೇ ಇದ್ದವು. ಕನ್ನಡಿಗೂ ಬಿಸಿಗೂ ಇರುವ ವೈರವನ್ನು ಜಗತ್ತು ಮೊದಲು ಚೆನ್ನಾಗಿ ಅರಿತದ್ದು ಆ ಮೌಂಟ್ ವಿಲ್ಸನ್ ಬೆಟ್ಟದ ಮೇಲೆಯೇ. ಬಪ್ಪು ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಜಾರ್ಜ್ ಎಲರಿ ಹೇಲ್ ಎಂಬ ವಿಜ್ಞಾನಿ ಅಲ್ಲಿ ಸೂರ್ಯನನ್ನು ನೋಡಲು ಯಂತ್ರಗಳನ್ನು ಸ್ಥಾಪಿಸಿದ್ದರು. ಅವರ ಮೊದಲ ಯಂತ್ರದಲ್ಲಿ ಬಿಸಿಲು ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಕನ್ನಡಿಗಳು ಸೊಟ್ಟಗಾಗಿ ಬಿಂಬವು ಹಾಳಾಗುತ್ತಿತ್ತು. ನೆಲವು ಕಾದು ಮೇಲೇಳುವ ಗಾಳಿಯೂ ಅದನ್ನು ನಡುಗಿಸುತ್ತಿತ್ತು. ಹೇಲ್ ಅವರು ಯೋಚಿಸಿ, 1908ರಲ್ಲಿ ಎತ್ತರವಾದ ಗೋಪುರವೊಂದನ್ನು ಕಟ್ಟಿಸಿ, ಅದರ ತುದಿಯಲ್ಲಿ ಬೇಗನೆ ಬಾಗದಂತಹ ಬಹಳ ದಪ್ಪದ ಕನ್ನಡಿಗಳನ್ನು ಇರಿಸಿದರು. ಮುಂದೆ ಲೋಕದ ಅನೇಕ ಕಡೆ ಎದ್ದ ಸೌರಗೋಪುರಗಳಿಗೆ ಇದೇ ಮೇಲ್ಪಂಕ್ತಿಯಾಯಿತು.

ರಾತ್ರಿಯ ದೂರದರ್ಶಕಕ್ಕೂ ಹಗಲಿನ ಬಿಸಿ ಕಾಟ ಕೊಡಬಲ್ಲುದು. 1917ರ ನವೆಂಬರ್ 1ರ ರಾತ್ರಿ ಅದೇ ಬೆಟ್ಟದ ಮೇಲೆ ಎರಡೂವರೆ ಮೀಟರ್ ಅಗಲದ ಹೊಸ ದೂರದರ್ಶಕದಿಂದ ಗುರುಗ್ರಹವನ್ನು ಮೊದಲ ಬಾರಿಗೆ ನೋಡಿದಾಗ, ಒಂದರ ಮೇಲೊಂದು ಹೇರಿದಂತೆ ಆರೇಳು ಬಿಂಬಗಳು ಕಾಣಿಸಿದವು. ವರ್ಷಗಟ್ಟಲೆ ದುಡಿದು, ಅಪಾರ ಹಣವನ್ನು ವ್ಯಯಮಾಡಿ ಸಿದ್ಧಪಡಿಸಿದ ಕನ್ನಡಿ ನಿಷ್ಪ್ರಯೋಜಕವಾಯಿತೇ ಎಂದು ಎಲ್ಲರೂ ಕಂಗಾಲಾದರು. ಹಗಲು ಕೆಲಸಗಾರರು ಗುಮ್ಮಟವನ್ನು ತೆರೆದಿಟ್ಟಿದ್ದುದರಿಂದ ಕನ್ನಡಿಗೆ ಬಿಸಿಲು ತಗುಲಿತ್ತೆಂಬುದು ಆಮೇಲೆ ತಿಳಿಯಿತು. ಹೇಲ್ ಮತ್ತು ಅವರ ಸಹೋದ್ಯೋಗಿ ಆಡಮ್ಸ್ ಅವರು ತಾಳ್ಮೆಯಿಂದ ಕಾದರು. ಬೆಳಗಿನ ಜಾವದ ಹೊತ್ತಿಗೆ ಕನ್ನಡಿ ತಣಿಯಿತು. ಆಗ ಅಭಿಜಿತ್ ನಕ್ಷತ್ರದ ಕಡೆಗೆ ತಿರುಗಿಸಿ ನೋಡಲಾಗಿ, ಸೂಜಿಯ ಮೊನೆಯಂತಹ ಒಂದೇ ಒಂದು ಹೊಳೆವ ಬಿಂದು ಕಂಡಿತು. ಕನ್ನಡಿಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದುದು ಅದು ಕುಡಿದ ಬಿಸಿಲಿನಲ್ಲಿ.

ಇಂತಹ ಪರಂಪರೆಯ ನಡುವೆ ಬಪ್ಪು ಅವರು ತಮ್ಮ ಮುಖ್ಯ ಸಂಶೋಧನೆಯನ್ನು ಮಾಡಿದರು. ಸೂರ್ಯನ ಅಥವಾ ನಕ್ಷತ್ರದ ಬೆಳಕನ್ನು ಬಣ್ಣಬಣ್ಣಗಳಾಗಿ ಬಿಡಿಸಿದರೆ ಅದರಲ್ಲಿ ಅನೇಕ ಕಪ್ಪು ಗೆರೆಗಳು ಕಾಣುತ್ತವೆ. ಅವುಗಳಲ್ಲಿ ಕ್ಯಾಲ್ಸಿಯಂ ಧಾತುವಿನಿಂದ ಉಂಟಾಗುವ ‘ಕೆ’ ಎಂಬ ಗೆರೆಯ ನಡುವೆ ಕೆಲವು ನಕ್ಷತ್ರಗಳಲ್ಲಿ ಬೆಳಗುವ ಭಾಗವೊಂದು ಇರುತ್ತದೆ. ಬಪ್ಪು ಅವರೂ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯೂ ಸೇರಿ, ಈ ಬೆಳಗುವ ಭಾಗದ ಅಗಲಕ್ಕೂ ಆ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ನಿಯತವಾದ ಸಂಬಂಧವಿದೆಯೆಂದು ಕಂಡುಕೊಂಡರು. ಈ ವಿಲ್ಸನ್ ಅವರಿಗೂ ಬೆಟ್ಟದ ಹೆಸರಿಗೂ ಸಂಬಂಧವಿಲ್ಲ. ದೀಪವೊಂದರ ನಿಜವಾದ ಪ್ರಕಾಶ ತಿಳಿದರೆ, ಅದು ನಮಗೆ ಎಷ್ಟು ಮಂದವಾಗಿ ಕಾಣುತ್ತದೆಂಬುದರಿಂದ ಅದರ ದೂರವನ್ನು ಲೆಕ್ಕಹಾಕಬಹುದಷ್ಟೆ. ಹಾಗೆಯೇ ನಕ್ಷತ್ರಗಳ ದೂರವನ್ನು ಅಳೆಯಲು ಈ ಶೋಧವು ಹೊಸ ಅಳತೆಗೋಲನ್ನು ಒದಗಿಸಿತು. 1957ರಲ್ಲಿ ಪ್ರಕಟವಾದ ಇದು ವಿಲ್ಸನ್-ಬಪ್ಪು ಪರಿಣಾಮವೆಂದು ಲೋಕವಿಖ್ಯಾತವಾಗಿದೆ.

ಅಮೆರಿಕಾದಲ್ಲಿ ಇಷ್ಟು ಕೀರ್ತಿಯನ್ನು ಗಳಿಸಿದ ತರುಣನಿಗೆ ಅಲ್ಲಿಯ ದೊಡ್ಡ ದೂರದರ್ಶಕಗಳ ಸೆಳೆತ ಸಣ್ಣದಾಗಿರಲಾರದು. ಸ್ವದೇಶದಲ್ಲಾದರೋ ಆಗ ಅಂತಹ ಒಂದು ಉಪಕರಣವೂ ಇರಲಿಲ್ಲ. ಆದರೂ ಬಪ್ಪು ಅವರು 1953ರಲ್ಲಿ ಭಾರತಕ್ಕೆ ಹಿಂದಿರುಗಿದರು. ಉತ್ತರ ಪ್ರದೇಶ ಸರ್ಕಾರವು ಕಾಶಿಯಲ್ಲಿ ಆರಂಭಿಸಿದ್ದ ವೀಕ್ಷಣಾಲಯದ ಹೊಣೆಯನ್ನು 1954ರಲ್ಲಿ ವಹಿಸಿಕೊಂಡು, ಗಂಗಾತೀರದ ಧೂಳು ಮಂಜುಗಳಿಂದ ಅದನ್ನು ಬಿಡಿಸಿ ನೈನಿತಾಲಿನ ಗುಡ್ಡಗಳಿಗೆ ಒಯ್ದರು. ವೀಕ್ಷಣಾಲಯಕ್ಕೆ ಕಟ್ಟಡಕ್ಕಿಂತ ಮುಖ್ಯವಾದುದು ನೆಮ್ಮದಿಯ ಗಾಳಿ ಎಂಬ ತತ್ತ್ವವನ್ನು ಅವರು ಜೀವನದುದ್ದಕ್ಕೂ ಬಿಡಲಿಲ್ಲ.

1960ರಲ್ಲಿ ಬಪ್ಪು ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಪಳನಿ ಬೆಟ್ಟಗಳ ಮೇಲೆ, ಸಮುದ್ರಮಟ್ಟದಿಂದ 2,300 ಮೀಟರಿಗೂ ಹೆಚ್ಚಿನ ಎತ್ತರದಲ್ಲಿರುವ ಆ ವೀಕ್ಷಣಾಲಯವು 1899ರಲ್ಲಿ ಸೂರ್ಯನ ಅಧ್ಯಯನಕ್ಕೆಂದೇ ಸ್ಥಾಪಿತವಾಗಿತ್ತು. ಸೂರ್ಯನ ಕಲೆಗಳ ಸುತ್ತ ಅನಿಲಗಳು ಹೊರಮುಖವಾಗಿ ಹರಿಯುತ್ತವೆಂಬುದನ್ನು ಜಾನ್ ಎವರ್‌ಶೆಡ್ ಎಂಬವರು 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಆದರೆ ಬಪ್ಪು ಅವರು ಬರುವ ವೇಳೆಗೆ ಅದರ ಹಳೆಯ ವೈಭವ ಮಾಸಿತ್ತು. ಅದಕ್ಕೆ ಮರಳಿ ಜೀವ ತುಂಬುವ ಕೆಲಸ ಈ ತರುಣ ನಿರ್ದೇಶಕರ ಹೆಗಲೇರಿತು.

ಅದೇ ಸುಮಾರಿಗೆ ಅಲ್ಲಿ ಸೌರಗೋಪುರವೊಂದು ಕೆಲಸಕ್ಕೆ ಸಿದ್ಧವಾಯಿತು. ಹನ್ನೊಂದು ಮೀಟರ್ ಎತ್ತರದ ಗೋಪುರದ ಮೇಲೆ ಅರುವತ್ತು ಸೆಂಟಿಮೀಟರ್ ಅಗಲದ ಎರಡು ಕನ್ನಡಿಗಳ ಜೋಡಣೆಯಿದೆ. ಮೊದಲನೆಯದು ಸೂರ್ಯನ ಚಲನೆಗೆ ಅನುಗುಣವಾಗಿ ಮೆಲ್ಲಮೆಲ್ಲನೆ ತಿರುಗುತ್ತ ಬೆಳಕನ್ನು ಎರಡನೆಯದಕ್ಕೆ ಕೊಡುತ್ತದೆ. ಎರಡನೆಯದು ಅದನ್ನು ಕೆಳಕ್ಕೆ ಕಳುಹಿಸುತ್ತದೆ. ಕೆಳಗಿರುವ ಮತ್ತೊಂದು ಕನ್ನಡಿ ಆ ಬೆಳಕನ್ನು ಅರುವತ್ತು ಮೀಟರ್ ಉದ್ದದ ನೆಲದಡಿಯ ಸುರಂಗದೊಳಕ್ಕೆ ತಿರುಗಿಸುತ್ತದೆ. ಅಲ್ಲಿ ಮೂವತ್ತೆಂಟು ಸೆಂಟಿಮೀಟರ್ ಅಗಲದ ಮಸೂರವು ಸೂರ್ಯನ ಬಿಂಬವನ್ನು ಮೂಡಿಸುತ್ತದೆ. ಆ ಬಿಂಬದ ಅಡ್ಡಳತೆ ಸುಮಾರು ಮೂವತ್ತನಾಲ್ಕು ಸೆಂಟಿಮೀಟರ್, ಎಂದರೆ ಊಟದ ತಟ್ಟೆಗಿಂತಲೂ ದೊಡ್ಡದು. ಸೂರ್ಯನ ಮೇಲಿನ ಒಂದೊಂದು ಕಲೆಯನ್ನೂ ಬೇರೆಬೇರೆಯಾಗಿ ಆರಿಸಿಕೊಂಡು ಪರೀಕ್ಷಿಸಲು ಇದು ಅನುಕೂಲ.

ಈ ರಚನೆಯ ಪ್ರತಿಯೊಂದು ಅಂಗವೂ ಬಿಸಿಯೊಡನೆ ನಡೆಸಿದ ಹೋರಾಟದ ಫಲವೇ ಆಗಿದೆ. ಬೇಸಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ದೂರದ ಎತ್ತಿನಗಾಡಿಯೊಂದು ನೀರಿನಲ್ಲಿ ತೇಲಿದಂತೆ ಅಲುಗಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಲುಗಾಡುವುದು ಗಾಡಿಯಲ್ಲ, ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ. ಕನ್ನಡಿಗಳನ್ನು ಗೋಪುರದ ತುದಿಗೇರಿಸಿದರೆ ನೆಲದ ಬಿಸಿಗಾಳಿಯ ಕಾಟ ಕಡಿಮೆಯಾಗುತ್ತದೆ. ನೆಲದಡಿಯ ಸುರಂಗದಲ್ಲಿ ಹಗಲಿಗೂ ಇರುಳಿಗೂ ಉಷ್ಣತೆ ಹೆಚ್ಚು ಬದಲಾಗದೆ ಇರುವುದರಿಂದ ಅಲ್ಲಿನ ಗಾಳಿ ನಿಶ್ಚಲವಾಗಿರುತ್ತದೆ. ಇನ್ನು ಉಳಿಯುವುದು ಕನ್ನಡಿಯ ಪ್ರಶ್ನೆ.

ಪ್ರಖರವಾದ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು ಒಂದು ಸಾವಿರ ವ್ಯಾಟ್ ಶಕ್ತಿ ಬೀಳುತ್ತದೆ. ಅಲ್ಯೂಮಿನಿಯಂ ಲೇಪದ ಕನ್ನಡಿಯು ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಹಿಂದಿರುಗಿಸಿ, ಉಳಿದ ಒಂದು ಪಾಲನ್ನು ನುಂಗಿಕೊಳ್ಳುತ್ತದೆ. ನುಂಗಿದ್ದು ಅಲ್ಪವೆಂದು ತೋರಬಹುದು. ಆದರೆ ಒಳ್ಳೆಯ ಕನ್ನಡಿಯ ಮೈಯಲ್ಲಿ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಏರುತಗ್ಗು ಕೂಡ ಸಲ್ಲದು. ಆದುದರಿಂದ ಸ್ವಲ್ಪ ಬಿಸಿಯೂ ಅದಕ್ಕೆ ದೊಡ್ಡ ಆಪತ್ತೇ. ಇದಕ್ಕೆ ಮೊದಲ ಪರಿಹಾರ ಗಾಜಿನ ಆಯ್ಕೆ. ನಮ್ಮ ಮನೆಯ ಕಿಟಕಿಯ ಗಾಜಿಗಿಂತ ಬೋರೋಸಿಲಿಕೇಟ್ ಗಾಜು ಬಿಸಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಹಿಗ್ಗುತ್ತದೆ. ಕರಗಿಸಿ ಎರೆದ ಸ್ಫಟಿಕಶಿಲೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹಿಗ್ಗುತ್ತದೆ. ಕೊಡೈಕನಾಲ್ ಗೋಪುರದ ಕನ್ನಡಿಗಳು ಇಂತಹ ಸ್ಫಟಿಕದಿಂದಲೇ ಆದುವು.

ಗಾಜಿನ ಆಯ್ಕೆಯಿಂದ ಅರ್ಧ ತೊಂದರೆ ಮಾತ್ರ ನೀಗುತ್ತದೆ. ಹಿಗ್ಗದ ಕನ್ನಡಿಯೂ ಕಾಯುವುದನ್ನು ಬಿಡದು. ಅದು ಕಾದರೆ ಅದಕ್ಕೆ ತಾಗಿದ ಗಾಳಿ ಕಾಯುತ್ತದೆ, ಡಾಂಬರು ರಸ್ತೆಯ ಆಟವೇ ಅಲ್ಲಿಯೂ ಮೊದಲಾಗುತ್ತದೆ. ಆದುದರಿಂದ ಕನ್ನಡಿಯ ಉಷ್ಣತೆಯು ಸುತ್ತಲಿನ ಗಾಳಿಯ ಉಷ್ಣತೆಗಿಂತ ಒಂದೆರಡು ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕು. ಬಹಳ ತಣ್ಣಗಿದ್ದರೂ ಕೇಡೇ. ಸೂರ್ಯನನ್ನು ಅಭ್ಯಾಸ ಮಾಡುವವರು ನೆಲ ಕಾಯುವ ಮುನ್ನ, ಬೆಳಗಿನ ಹೊತ್ತಿನಲ್ಲಿ ಮುಖ್ಯ ಕೆಲಸವನ್ನು ಮುಗಿಸಿಕೊಳ್ಳುವುದೂ, ಬೇಡವಾದಾಗ ಕನ್ನಡಿಯನ್ನು ಮುಚ್ಚಿಡುವುದೂ ಇದೇ ಕಾರಣದಿಂದ.

ಈ ಗೋಪುರದ ನೆರವಿನಿಂದ ಬಪ್ಪು ಅವರೂ ಅವರ ಶಿಷ್ಯರೂ ಸೂರ್ಯನ ‘ಕೆ’ ಗೆರೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದರು. ದೂರದ ನಕ್ಷತ್ರವು ದೊಡ್ಡ ದೂರದರ್ಶಕಕ್ಕೂ ಒಂದು ಚುಕ್ಕೆಯಾಗಿಯೇ ಕಾಣುತ್ತದೆ. ಅದರ ಮೈಯ ಯಾವ ಭಾಗದಿಂದ ಯಾವ ಬೆಳಕು ಬಂದಿತೆಂದು ತಿಳಿಯುವಂತಿಲ್ಲ. ಸೂರ್ಯನೊಬ್ಬನೇ ಮೈಯೆಲ್ಲ ತೋರುವಷ್ಟು ಸಮೀಪದ ನಕ್ಷತ್ರ. ಸೂರ್ಯನ ವರ್ಣಗೋಳದಲ್ಲಿರುವ ಸಣ್ಣಸಣ್ಣ ಬೆಳಕಿನ ಚುಕ್ಕೆಗಳೇ ವಿಲ್ಸನ್-ಬಪ್ಪು ಸಂಬಂಧಕ್ಕೆ ಮೂಲವೆಂದು ಬಪ್ಪು ಮತ್ತು ಶಿವರಾಮನ್ ಅವರು 1971ರಲ್ಲಿ ತೋರಿಸಿದರು. ಅಂತಹ ಚುಕ್ಕೆಗಳನ್ನು ಬಿಡಿಬಿಡಿಯಾಗಿ ಕಾಣಬೇಕಾದರೆ ಬಿಂಬವು ಕದಡಬಾರದು. ಕನ್ನಡಿಯ ನೆಮ್ಮದಿಯೇ ಆ ಜ್ಞಾನದ ತಳಹದಿ.

ಸೂರ್ಯನಿಗೆ ಹೊಂದಿದ ಕೊಡೈಕನಾಲಿನಲ್ಲಿ ರಾತ್ರಿಯ ನಕ್ಷತ್ರವೀಕ್ಷಣೆಗೆ ಮೋಡ ಮಂಜುಗಳ ಅಡ್ಡಿಯಿತ್ತು. ಬಪ್ಪು ಅವರು ದಕ್ಷಿಣ ಭಾರತದ ಬೆಟ್ಟಗಳನ್ನು ಪರೀಕ್ಷಿಸಿ, ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು. ಗಂಧದ ಮರಗಳ ಕಾಡಿನ ನಡುವಣ ಆ ಹಳ್ಳಿಯಲ್ಲಿ 1968ರಲ್ಲಿ ಮೂವತ್ತೆಂಟು ಸೆಂಟಿಮೀಟರ್ ಅಗಲದ ದೂರದರ್ಶಕವೊಂದು ಕೆಲಸವನ್ನು ಆರಂಭಿಸಿತು. ಅದು ತೀರ ಸಣ್ಣದೇ ಆದರೂ ವೀಕ್ಷಣಾಲಯದ ಸ್ವಂತ ಕಾರ್ಯಾಗಾರದಲ್ಲಿ ತಯಾರಾದುದು. 1972ರಲ್ಲಿ ಜರ್ಮನಿಯಿಂದ ತರಿಸಿದ ಒಂದು ಮೀಟರ್ ದೂರದರ್ಶಕವೂ ಅಲ್ಲಿಗೆ ಬಂದಿತು. 1977ರಲ್ಲಿ ಯುರೇನಸ್ ಗ್ರಹಕ್ಕೆ ಬಳೆಗಳಿರುವುದು ಪತ್ತೆಯಾದಾಗ, ಅದನ್ನು ಗುರುತಿಸಿದ ವೀಕ್ಷಣಾಲಯಗಳಲ್ಲಿ ಕಾವಲೂರೂ ಒಂದಾಗಿತ್ತು.

1971ರಲ್ಲಿ ಕೊಡೈಕನಾಲ್ ವೀಕ್ಷಣಾಲಯವು ಹವಾಮಾನ ಇಲಾಖೆಯಿಂದ ಬೇರೆಯಾಗಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೆಂಬ ಸ್ವಾಯತ್ತ ಸಂಸ್ಥೆಯಾಯಿತು. ಬಪ್ಪು ಅವರೇ ಅದರ ನಿರ್ದೇಶಕರಾದರು. ಆ ದಶಕದಲ್ಲಿಯೇ ಸಂಸ್ಥೆಯ ಕೇಂದ್ರವು ಬೆಂಗಳೂರಿಗೆ ಬಂದು ಕೋರಮಂಗಲದಲ್ಲಿ ನೆಲೆಸಿತು. ಅಲ್ಲಿ ಬಪ್ಪು ಅವರು ತಮ್ಮ ಬಾಳಿನ ಮಹದಾಸೆಯನ್ನು ಕೈಗೆತ್ತಿಕೊಂಡರು. 2.34 ಮೀಟರ್ ಅಗಲದ ಕನ್ನಡಿಯುಳ್ಳ ದೊಡ್ಡ ದೂರದರ್ಶಕವನ್ನು ಭಾರತದಲ್ಲಿಯೇ ರಚಿಸಬೇಕೆಂಬುದೇ ಆ ಆಸೆ. ಹಣ ತೆತ್ತು ವಿದೇಶದಿಂದ ಸಿದ್ಧವಸ್ತುವನ್ನು ತರಿಸುವುದು ಸುಲಭದ ದಾರಿ. ಆದರೆ ಕೊಂಡು ತಂದ ಯಂತ್ರದೊಡನೆ ಅದನ್ನು ಮಾಡುವ ವಿದ್ಯೆ ಬರುವುದಿಲ್ಲ. ಅವರು ಕಷ್ಟದ ದಾರಿಯನ್ನೇ ಹಿಡಿದರು. ಗಾಜಿನ ಗಟ್ಟಿ ಮಾತ್ರ ಜರ್ಮನಿಯಿಂದ ಬಂದಿತು. ಅದನ್ನು ತೇಯ್ದು ನಯಗೊಳಿಸಿ ಕನ್ನಡಿಯಾಗಿಸುವ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ದೂರದರ್ಶಕವನ್ನು ಹೊರುವ ಉಕ್ಕಿನ ಭಾರಿ ಕಟ್ಟು ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ ರೂಪುಗೊಂಡಿತು.

ಕನ್ನಡಿಯನ್ನು ತೇಯುವಾಗಲೂ ಬಿಸಿಯೇ ಎದುರಾಳಿ. ಗಾಜಿನ ಮೇಲೆ ಪುಡಿಯಿಟ್ಟು ಉಜ್ಜಿದಂತೆಲ್ಲ ಅದು ಬೆಚ್ಚಗಾಗಿ ಉಬ್ಬುತ್ತದೆ. ಉಬ್ಬಿದ ಗಾಜನ್ನು ಆಗಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಅಕ್ಕಸಾಲಿಗನು ಚಿನ್ನವನ್ನು ಉಜ್ಜಿ ಒಡನೆಯೇ ತೂಗಬಹುದು. ಕನ್ನಡಿಯ ಕುಶಲಕರ್ಮಿಯು ಉಜ್ಜಿದ ಮೇಲೆ ಗಾಜಿನ ಒಳಗೂ ಹೊರಗೂ ಒಂದೇ ಉಷ್ಣತೆ ಬರುವ ತನಕ ಕಾಯಬೇಕು, ಆಮೇಲೆ ಅಳೆಯಬೇಕು, ತಿರುಗಿ ಉಜ್ಜಬೇಕು. ಹೀಗೆ ಉಜ್ಜುವುದಕ್ಕಿಂತ ಕಾಯುವುದೇ ಹೆಚ್ಚಾದ ಈ ಕೆಲಸ ವರ್ಷಗಟ್ಟಲೆ ಸಾಗಿತು.

ಆ ನಡುವೆ 1980ರ ಫೆಬ್ರವರಿ 16ರಂದು ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣ ಸಂಭವಿಸಿತು. ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ಉತ್ತರ ಕನ್ನಡದ ಕರಾವಳಿಯನ್ನು ಮುಟ್ಟಿ, ಘಟ್ಟವನ್ನೇರಿ, ಮುಂಡಗೋಡದ ಸೀಮೆಯನ್ನು ಹಾದು, ಹುಬ್ಬಳ್ಳಿ, ಗದಗ, ರಾಯಚೂರುಗಳ ಕಡೆಗೆ ಧಾವಿಸಿತು. ಜೋಯಿಡಾ, ದಾಂಡೇಲಿ, ಹಳಿಯಾಳಗಳ ಕಾಡುಗಳ ಮೇಲೂ ಇಳಿಹಗಲಿನಲ್ಲೇ ಮಬ್ಬು ಕವಿಯಿತು. ಸಂಜೆಯಾಗುವ ಮೊದಲೇ ಬಿಸಿಲು ಆರಿ ಗಾಳಿ ತಂಪಾಯಿತು. ನಾಡಿನ ಅನೇಕರು ಅಂದು ಹಳೆಯ ಭಯದಿಂದ ಬಾಗಿಲುಗಳನ್ನು ಮುಚ್ಚಿಕೊಂಡು ಒಳಗೆ ಕುಳಿತಿದ್ದರೆ, ದೇಶವಿದೇಶಗಳ ವಿಜ್ಞಾನಿಗಳು ಆ ನೆರಳಿನ ಜಾಡಿನಲ್ಲಿ ಶಿಬಿರಗಳನ್ನು ಹೂಡಿ ಕಾದಿದ್ದರು.

ಬಪ್ಪು ಅವರ ಸಂಸ್ಥೆಯ ವಿಜ್ಞಾನಿಗಳೂ ರಾಯಚೂರು ಜಿಲ್ಲೆಯ ಜವಳಗೇರಾ ಮೊದಲಾದೆಡೆ ತಮ್ಮ ಉಪಕರಣಗಳನ್ನು ನಿಲ್ಲಿಸಿದ್ದರು. ಸೂರ್ಯನ ಸುತ್ತ ಮುತ್ತಿನ ಬಣ್ಣದ ಪ್ರಭಾವಳಿಯೊಂದಿದೆ. ಸೂರ್ಯಬಿಂಬದ ಪ್ರಖರತೆಯ ಎದುರಿಗೆ ಅದು ಎಂದೂ ಕಣ್ಣಿಗೆ ಬೀಳದು. ಚಂದ್ರನು ಸೂರ್ಯನನ್ನು ಪೂರ್ತಿಯಾಗಿ ಮರೆಮಾಡಿದಾಗ ಮಾತ್ರ ತೋರುತ್ತದೆ. ಅಂದು ದೊರೆತ ಅವಕಾಶ ಮೂರು ನಿಮಿಷಗಳಿಗೂ ಕಡಿಮೆ. ತಿಂಗಳುಗಳ ಸಿದ್ಧತೆಯೆಲ್ಲ ಆ ಕೆಲವು ಕ್ಷಣಗಳಿಗಾಗಿ. ಅಷ್ಟರಲ್ಲಿಯೇ ಪ್ರಭಾವಳಿಯ ಬೆಳಕನ್ನು ಫಲಕಗಳ ಮೇಲೆ ಹಿಡಿದು, ಅದರ ಉಷ್ಣತೆಯನ್ನೂ ಚಲನೆಯನ್ನೂ ತಿಳಿಯುವ ಯತ್ನ ನಡೆಯಿತು. ಹಗಲಿನ ಆಕಾಶದಲ್ಲಿ ಸೂರ್ಯನು ತಾನಾಗಿ ಮುಖ ಮರೆಸಿಕೊಂಡಾಗ ಮಾತ್ರ ಅವನ ಕಾಟವಿಲ್ಲದೆ ಅವನನ್ನು ನೋಡಬಹುದಾಗಿತ್ತು.

ಬಪ್ಪು ಅವರನ್ನು ಗೌರವಗಳು ತಾವಾಗಿ ಅರಸಿ ಬಂದವು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ದೊರೆತವು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಗೊಂಡರು. ಜಗತ್ತಿನ ಖಗೋಳ ವಿಜ್ಞಾನಿಗಳ ಆ ಸಭೆಗೆ ಭಾರತೀಯರೊಬ್ಬರು ಅಧ್ಯಕ್ಷರಾದದ್ದು ಅದೇ ಮೊದಲು. ಆದರೆ ಅವರ ಹೃದಯ ದುರ್ಬಲವಾಗಿತ್ತು. 1982ರ ಆಗಸ್ಟ್ ತಿಂಗಳಿನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ನಡೆಯುತ್ತಿದ್ದಾಗ, ಅಧ್ಯಕ್ಷಪೀಠದಲ್ಲಿರಬೇಕಾಗಿದ್ದ ಬಪ್ಪು ಅವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಆಗಸ್ಟ್ 19ರಂದು ಅವರು ಅಲ್ಲಿಯೇ ಕೊನೆಯುಸಿರೆಳೆದರು. ಐವತ್ತೈದು ವರ್ಷ ತುಂಬಿ ಒಂಬತ್ತು ದಿನಗಳಾಗಿದ್ದವಷ್ಟೆ.

ಅವರ ದೊಡ್ಡ ಕನ್ನಡಿ ಆಗ ಇನ್ನೂ ಆಕಾಶವನ್ನು ಕಂಡಿರಲಿಲ್ಲ. ಆದರೆ ಅವರು ದೂರದರ್ಶಕದೊಡನೆ ಅದನ್ನು ಕಟ್ಟಬಲ್ಲ ಜನರನ್ನೂ ತಯಾರಿಸಿದ್ದರು. ಆದ್ದರಿಂದ ಕೆಲಸ ನಿಲ್ಲಲಿಲ್ಲ. ಸಹೋದ್ಯೋಗಿಗಳೂ ಶಿಷ್ಯರೂ ಅದನ್ನು ಪೂರ್ಣಗೊಳಿಸಿದರು. 1986ರ ಜನವರಿ 6ರಂದು ಅಂದಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಕಾವಲೂರಿನಲ್ಲಿ ಆ ದೂರದರ್ಶಕವನ್ನು ರಾಷ್ಟ್ರಕ್ಕೆ ಅರ್ಪಿಸಿದರು. ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರನ್ನೇ ಇಡಲಾಯಿತು.

ಅವರು ಹಾಕಿಕೊಟ್ಟ ದಾರಿ ಅಲ್ಲಿಗೆ ಮುಗಿಯಲಿಲ್ಲ. ಲಡಾಖಿನ ಪ್ಯಾಂಗಾಂಗ್ ಸರೋವರದ ದಡದಲ್ಲಿರುವ ಮೇರಕ್ ಎಂಬಲ್ಲಿ ಎರಡು ಮೀಟರ್ ಅಗಲದ ಸೌರ ದೂರದರ್ಶಕವನ್ನು ಸ್ಥಾಪಿಸಲು ಬೆಂಗಳೂರಿನ ಸಂಸ್ಥೆಯು ಯೋಜನೆಯನ್ನು ರೂಪಿಸಿದೆ. ನೀರು ನೆಲದಂತೆ ಬೇಗನೆ ಕಾಯುವುದಿಲ್ಲವಾದ್ದರಿಂದ ಸರೋವರದ ಮೇಲಿನ ಗಾಳಿ ನೆಮ್ಮದಿಯಾಗಿರುತ್ತದೆ. ಅಷ್ಟು ದೊಡ್ಡ ಕನ್ನಡಿಯ ಮೇಲೆ ಸುಮಾರು ಮೂರು ಸಾವಿರ ವ್ಯಾಟ್ ಬಿಸಿಲು ಬೀಳುತ್ತದೆ. ಅದರಲ್ಲಿ ಸುಮಾರು ಮುನ್ನೂರು ವ್ಯಾಟನ್ನು ಕನ್ನಡಿಯೇ ನುಂಗುತ್ತದೆ. ಉಳಿದುದೆಲ್ಲ ಒಂದು ಚಿಕ್ಕ ಬಿಂಬದಲ್ಲಿ ಒಟ್ಟುಗೂಡಿದರೆ ಲೋಹವನ್ನೂ ಸುಡಬಲ್ಲುದು. ಆದುದರಿಂದ ಬೇಕಾದಷ್ಟು ಬೆಳಕನ್ನು ಮಾತ್ರ ಸಣ್ಣ ರಂಧ್ರದಿಂದ ಒಳಬಿಟ್ಟು ಮಿಕ್ಕಿದ್ದನ್ನು ಹೊರದೂಡುವ ತಡೆಯನ್ನು ಇಡಬೇಕಾಗುತ್ತದೆ. ಕನ್ನಡಿಯ ಬೆನ್ನಿಗೆ ತಂಪು ಗಾಳಿಯನ್ನೋ ದ್ರವವನ್ನೋ ಹರಿಸಿ, ದಿನವಿಡೀ ಏರಿಳಿಯುವ ಹೊರಗಾಳಿಯ ಉಷ್ಣತೆಯನ್ನು ಕನ್ನಡಿಯೂ ಹಿಂಬಾಲಿಸುವಂತೆ ಮಾಡಬೇಕಾಗುತ್ತದೆ. ಕನ್ನಡಿಯು ಎಷ್ಟು ಹೊತ್ತಿನಲ್ಲಿ ಎಷ್ಟು ಕಾಯುತ್ತದೆಂಬುದನ್ನು ಈ ಸಂಸ್ಥೆಯ ವಿಜ್ಞಾನಿಗಳು ಗಣಿತದ ಮೂಲಕ ಲೆಕ್ಕಹಾಕಿದ್ದಾರೆ. ಹವಾಯಿ ದ್ವೀಪದ ನಾಲ್ಕು ಮೀಟರ್ ಸೌರ ದೂರದರ್ಶಕದಲ್ಲಿ ರಾತ್ರಿಯೆಲ್ಲ ಮಂಜುಗಡ್ಡೆಯನ್ನು ಸಿದ್ಧಪಡಿಸಿಕೊಂಡು, ಹಗಲು ಅದರ ತಂಪಿನಿಂದ ಯಂತ್ರವನ್ನು ಕಾಪಾಡುತ್ತಾರೆ.

ಗ್ರಹಣಕ್ಕಾಗಿ ಕಾಯಬೇಕಾಗಿದ್ದ ಪ್ರಭಾವಳಿಯನ್ನು ನೋಡಲೂ ಈಗ ಬೇರೆ ಉಪಾಯ ದೊರೆತಿದೆ. 2023ರ ಸೆಪ್ಟೆಂಬರ್ 2ರಂದು ಬಾಹ್ಯಾಕಾಶಕ್ಕೆ ಏರಿದ ಆದಿತ್ಯ ನೌಕೆಯಲ್ಲಿ ಪ್ರಭಾವಳಿಯನ್ನು ವೀಕ್ಷಿಸುವ ಮುಖ್ಯ ಉಪಕರಣವು ಇದೇ ಸಂಸ್ಥೆಯ ಹೊಸಕೋಟೆಯ ಕೇಂದ್ರದಲ್ಲಿ ತಯಾರಾದುದು. ಸೂರ್ಯಬಿಂಬದ ಪ್ರಖರವಾದ ಬೆಳಕನ್ನು ಕನ್ನಡಿಯ ನಡುವಿನ ರಂಧ್ರದಿಂದ ಹೊರಕ್ಕೆ ಕಳುಹಿಸಿ, ಮಂದವಾದ ಪ್ರಭಾವಳಿಯನ್ನು ಮಾತ್ರ ಉಳಿಸಿಕೊಳ್ಳುವ ಜಾಣ್ಮೆ ಅದರಲ್ಲಿದೆ. ಮುಂಡಗೋಡ, ರಾಯಚೂರುಗಳ ಮೇಲೆ ಕೆಲವು ಕ್ಷಣ ಮಾತ್ರ ಮೂಡಿ ಮರೆಯಾದ ನೋಟವು ಈಗ ದಿನವೂ ದೊರಕುವಂತಾಗಿದೆ.

ಜಗತ್ತಿನ ದೊಡ್ಡ ಶೋಧಗಳ ಹಿಂದೆ ಮಿಂಚಿನಂತಹ ಪ್ರತಿಭೆಯೊಂದೇ ಇರುತ್ತದೆಂದು ನಾವು ಭಾವಿಸುತ್ತೇವೆ. ವೈನು ಬಪ್ಪು ಅವರಲ್ಲಿ ಪ್ರತಿಭೆಗೇನೂ ಕೊರತೆಯಿರಲಿಲ್ಲ. ಆದರೆ ಗಾಳಿ ನಿಲ್ಲುವ ಬೆಟ್ಟವನ್ನು ಹುಡುಕುವುದು, ಗಾಜು ತಣಿಯುವ ತನಕ ಕಾಯುವುದು, ಕೂದಲೆಳೆಯ ಸಾವಿರದ ಪಾಲಿಗೂ ಲೆಕ್ಕ ಕೊಡುವುದು, ಬಲ್ಲ ವಿದ್ಯೆಯನ್ನು ಕಿರಿಯರ ಕೈಗೆ ಒಪ್ಪಿಸುವುದು ಇವೆಲ್ಲ ತಾಳ್ಮೆಯ ಕೆಲಸಗಳು. ಅವರು ಬಾಳಿನ ಹೆಚ್ಚಿನ ಭಾಗವನ್ನು ಕೊಟ್ಟದ್ದು ಇವಕ್ಕೇ. ತಾವು ನೋಡಲಾಗದ ಆಕಾಶವನ್ನು ಮುಂದಿನವರು ನೋಡಲೆಂದು ಸಿದ್ಧಪಡಿಸಿದ ಅವರ ಕನ್ನಡಿ ಕಾವಲೂರಿನ ಬೆಟ್ಟದ ಮೇಲೆ ನಕ್ಷತ್ರಗಳಿಗೆ ಮುಖ ಮಾಡಿ ನಿಂತಿದೆ.